ಕೂಸು ಬಡವಾಗುವ ಮೊದಲು

(ಸಾಸ್ವೆಹಳ್ಳಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮಲ್ಲಿ ಎರಡು ಗಾದೆಗಳಿವೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬುದು ಒಂದು. ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳಿ ಹೇಳಿ ನಮ್ಮ ಬಾಯಿ ಮುಚ್ಚಿಸಿದರು. ಅದು ಸುಳ್ಳೆಂದು, ಹೊಡೆತ ಜಗಳವಲ್ಲ, ಅಪರಾಧವೆಂದು ಹೇಳಲು ಮಹಿಳಾ ಚಳವಳಿಯೇ ಬರಬೇಕಾಯಿತು. ಆದರೆ ಎರಡನೆಯ ಗಾದೆಯನ್ನು ನಾವೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ವರದಕ್ಷಿಣೆಗಾಗಿ ಹಿಂಸೆ ಅನುಭವಿಸುವ ಹೆಣ್ಣಿನ ಬಗ್ಗೆ ಮಾತಾಡುವಾಗ, ಅದೇ ಮನೆಯ ಮೂಲೆಯಲ್ಲಿ ನಿದ್ದೆ ಬಂದಂತೆ ನಟಿಸುತ್ತಾ ಮಲಗಿರುವ ಮಗುವನ್ನು ಮರೆತೆವು. ಇವತ್ತು ಆ ಮಗುವಿನ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಇದು 1992ರ ಮಾತು. ಹೊನ್ನಾಳಿ ಆಗ ಇನ್ನೂ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ನಾನು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ‘ನನ್ನ ಮನೆ’ ಎಂದು ಪ್ರಬಂಧ ಬರೆಯಲು ಕೊಟ್ಟಿದ್ದೆ. ಒಬ್ಬ ಹುಡುಗ, ‘ಅಪ್ಪ ಕುಡಿದು ಬಂದ ದಿನ ನಾನು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಲಗುತ್ತೇನೆ, ಮೊದಲ ಬಸ್ಸು ಬಂದಾಗ ಮನೆಗೆ ಹೋಗುತ್ತೇನೆ’ ಎಂದು ಬರೆದಿದ್ದ. ನಾನು ಅದರಲ್ಲಿದ್ದ ನಾಲ್ಕು ಕಾಗುಣಿತದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತಕ್ಕೆ ಆರು ಅಂಕ ಹಾಕಿ ಹಿಂದಿರುಗಿಸಿದೆ. ದಸರಾ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಎಲ್ಲಿ ಹೋದನೆಂದು ನಾನು ಕೇಳಲೂ ಇಲ್ಲ. ಆ ಹುಡುಗ ತನಗೆ ತಿಳಿದ ರೀತಿಯಲ್ಲಿ ನನ್ನನ್ನು ಕೂಗಿ ಕರೆದಿದ್ದ ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಹುಡುಗನಿಗಾದರೆ ಬಸ್ ನಿಲ್ದಾಣವಾದರೂ ಇದೆ. ಹುಡುಗಿ ಎಲ್ಲಿಗೆ ಹೋಗಬೇಕು? ಮನೆಯ ಗಲಾಟೆಯಿಂದ ಅವಳನ್ನು ಪಾರುಮಾಡುತ್ತೇವೆಂದು ಹದಿನೈದಕ್ಕೇ ಮದುವೆ ಮಾಡುತ್ತಾರೆ. ಅಲ್ಲಿ ಮತ್ತೆ ವರದಕ್ಷಿಣೆ, ಮತ್ತೆ ಹೊಡೆತ. ತಾಯಿಯ ಕಥೆಯೇ ಮಗಳದೂ ಆಗುತ್ತದೆ.

ಮನೆ ಬಿಟ್ಟ ಮಗುವಿನ ಕೈ ಹಿಡಿದರೆ ಏನಾಗಬಹುದು ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ದಕ್ಷಿಣ ಕನ್ನಡದ ಮಂಚಿ ಎಂಬ ಹಳ್ಳಿಯ ಹುಡುಗನೊಬ್ಬ ಮನೆಯಿಂದ ಓಡಿಹೋಗಿ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದ. ಹೊಡೆತಕ್ಕೆ ಹೆದರಿ ಓಡಿದನೆಂದು ನಾನು ಹೇಳುತ್ತಿಲ್ಲ. ಓಡಿಬಂದವನಿಗೆ ಅಲ್ಲಿ ಏನು ಸಿಕ್ಕಿತು ಎಂಬುದನ್ನು ನೋಡಿ. ಕೆಲಸ ಸಿಕ್ಕಿತು, ಹಾಡು ಸಿಕ್ಕಿತು, ಇವನಲ್ಲಿ ಏನೋ ಇದೆ ಎಂದು ಗುರುತಿಸಿದ ಹಿರಿಯರೊಬ್ಬರು ಸಿಕ್ಕರು. ವೀರಣ್ಣನವರು ಅವನನ್ನು ದುಡಿಸಿಕೊಂಡು ಸುಮ್ಮನಾಗಲಿಲ್ಲ, ಎಂ.ಎ. ಓದಲು ಕಾಶಿಗೆ ಕಳಿಸಿದರು. ಆ ಹುಡುಗನೇ ಬಿ.ವಿ. ಕಾರಂತ. 1975ರಲ್ಲಿ ‘ಚೋಮನ ದುಡಿ’ ಸಿನಿಮಾ ಮಾಡಿದವರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದವರು ಅವರೇ.

ಓಡಿದವರೆಲ್ಲ ಕಾರಂತರಾಗಲಿಲ್ಲ, ನಿಜ. ಹೆಣ್ಣುಮಕ್ಕಳಿಗೆ ಕಂಪನಿಯ ಬಾಗಿಲು ಅಷ್ಟು ಸುಲಭದ್ದೂ ಆಗಿರಲಿಲ್ಲ. ಈಗ ಆ ಕಂಪನಿಯೂ ಇಲ್ಲ. ಆದರೆ ಅದರ ಪಾಠ ಉಳಿದಿದೆ. ಮಗುವಿಗೆ ಅನ್ನ, ಸೂರು ಬೇಕು. ಅವುಗಳ ಜೊತೆಗೆ ಕೈಗೊಂದು ಕಲೆ, ಬೆನ್ನಿಗೊಬ್ಬ ಹಿರಿಯ ಜೀವ ಬೇಕು.

1980ರಲ್ಲಿ ಬೆಂಗಳೂರಿನಲ್ಲಿ, ಪಾದ್ರಿಗಳಾಗಲು ಓದುತ್ತಿದ್ದ ಕೆಲವು ಯುವಕರು ಬೀದಿ ಮಕ್ಕಳಿಗಾಗಿ ‘ಬೆಂಗಳೂರು ಓಣಿಯವರ ಸೇವಾ ಕೂಟ’ ಆರಂಭಿಸಿದರು. ಬಾಸ್ಕೊ ಎಂದು ಅದು ಹೆಸರಾಗಿದೆ. ಮಕ್ಕಳು ತಮ್ಮ ಬಾಗಿಲಿಗೆ ಬರಲೆಂದು ಅವರು ಕಾಯಲಿಲ್ಲ, ಮಕ್ಕಳಿದ್ದ ಬೀದಿಗೆ ತಾವೇ ಹೋದರು. ಮೊದಲು ಸ್ನೇಹ, ಆಮೇಲೆ ಉಳಿದದ್ದು.

ನಿವೃತ್ತಿಯಾದ ಮೇಲೆ ನಾನೂ ಒಂದು ಸಣ್ಣ ಪ್ರಯತ್ನ ಮಾಡಿದ್ದೇನೆ. ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ಹತ್ತು ಹನ್ನೊಂದು ಮಕ್ಕಳು ಸೇರುತ್ತಾರೆ. ಕೋಲಾಟ ಆಡುತ್ತೇವೆ, ಅಡಿಕೆ ಹಾಳೆಯಲ್ಲಿ ಮುಖವಾಡ ಮಾಡುತ್ತೇವೆ, ‘ಮನೆಯಾಟ’ ಕಟ್ಟುತ್ತೇವೆ. ಆ ಆಟದಲ್ಲಿ ಒಬ್ಬ ಹುಡುಗ ಯಾವಾಗಲೂ ತಾನೇ ಅಪ್ಪನಾಗುತ್ತಿದ್ದ. ಬರುವುದು, ಕೂಗುವುದು, ತಟ್ಟೆ ಎಸೆಯುವುದು. ಒಂದು ವಾರ ಅವನು ಆಟ ಬದಲಾಯಿಸಿದ. ಅಪ್ಪನಿಗೆ ಬಸ್ಸು ತಪ್ಪಿತು. ಮನೆಯವರೆಲ್ಲ ಕೂತು ನಿಧಾನವಾಗಿ ಉಂಡರು. ಅಷ್ಟೇ ನಾಟಕ. ನಾನು ಏನೂ ಕೇಳಲಿಲ್ಲ, ಮುಂದಿನ ಭಾನುವಾರವೂ ಅದೇ ಹೊತ್ತಿಗೆ ಜಗಲಿಯಲ್ಲಿದ್ದೆ. ಮೂರು ವಾರ ಕಳೆದ ಮೇಲೆ ಕೋಲು ಎತ್ತಿಡುತ್ತಾ, ತಾನು ರಾತ್ರಿ ಎಲ್ಲಿ ಮಲಗುತ್ತೇನೆಂದು ಅವನೇ ಹೇಳಿದ. ಅವನ ತಾಯಿಯ ಸಂಘದ ಹೆಂಗಸರು ಜೊತೆಗೆ ನಿಂತರು, ಅವಳು ಕಾನೂನಿನ ಮೊರೆ ಹೋದಳು. ಎಲ್ಲವೂ ಸರಿಯಾಯಿತೆಂದು ಹೇಳಲಾರೆ. ಹುಡುಗ ಈಗ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾನೆ, ಊರಿಗೆ ಬಂದಾಗ ಜಗಲಿಗೆ ಬರುತ್ತಾನೆ.

ಆಟ ಮಾಡಿದ್ದೇನು? ಪೋಲೀಸರ ಮುಂದೆ, ಮೇಷ್ಟರ ಮುಂದೆ, ತಾಯಿಯ ಮುಂದೆ ಹೇಳಲಾಗದ್ದನ್ನು ಬೇರೆಯವನ ಮಾತೆಂಬಂತೆ ಹೇಳುವ ಅವಕಾಶ ಕೊಟ್ಟಿತು. ಆದರೆ ಕೋಲಾಟದಿಂದ ಎತ್ತಿದ ಕೈ ಕೆಳಗಿಳಿಯುವುದಿಲ್ಲ. ಅದಕ್ಕೆ ಕಾನೂನೇ ಬೇಕು. ಇವನ್ನು ನೆನಪಿಟ್ಟುಕೊಳ್ಳಿ.

1098 ಮಕ್ಕಳ ಸಹಾಯವಾಣಿ. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಇದು ಈಗ ಸರ್ಕಾರದ ಕೈಯಲ್ಲಿದೆ, ಹಗಲು ರಾತ್ರಿ ಉಚಿತ. 2015ರ ಬಾಲನ್ಯಾಯ ಕಾಯ್ದೆಯಂತೆ, ಮನೆಯಿಲ್ಲದೆ ಸಿಕ್ಕ ಮಗುವನ್ನು 24 ಗಂಟೆಗಳೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಡಿ ದೂರು ಕೊಡುವುದು ಕಡ್ಡಾಯ, ಮುಚ್ಚಿಟ್ಟರೆ ನಾವೇ ತಪ್ಪಿತಸ್ಥರು. ಆದ್ದರಿಂದ ‘ಯಾರಿಗೂ ಹೇಳುವುದಿಲ್ಲ’ ಎಂದು ಮಗುವಿಗೆ ಎಂದೂ ಭಾಷೆ ಕೊಡಬೇಡಿ. ‘ನಿನಗೆ ನೆರವಾಗಬಲ್ಲವರಿಗೆ ಮಾತ್ರ ಹೇಳುತ್ತೇನೆ’ ಎನ್ನಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ತಾಯಿಗೆ ರಕ್ಷಣೆಯ ಆದೇಶ, ಆ ಮನೆಯಲ್ಲೇ ಇರುವ ಹಕ್ಕು, ಮಕ್ಕಳನ್ನು ತಾತ್ಕಾಲಿಕವಾಗಿ ತನ್ನ ವಶದಲ್ಲಿಟ್ಟುಕೊಳ್ಳುವ ಆದೇಶ ಸಿಗಬಹುದು. ವಿಧವೆಯರ, ಗಂಡ ಬಿಟ್ಟವರ ಮಕ್ಕಳಿಗೆ, ಆದಾಯದ ಮಿತಿಯೊಳಗಿದ್ದರೆ, ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ.

ಇನ್ನು ನಿಮ್ಮಲ್ಲಿ ನನ್ನ ಬೇಡಿಕೆ. ಸಾಲ ಕೊಡುವಾಗ ಸದಸ್ಯೆಯ ಕಷ್ಟ ಕೇಳುತ್ತೀರಲ್ಲ, ಅವಳ ಮಕ್ಕಳು ಎಲ್ಲಿ ಮಲಗುತ್ತಾರೆ, ಶಾಲೆಗೆ ಹೋಗುತ್ತಾರೆಯೇ ಎಂದೂ ಕೇಳಿ. ಅಂಥ ಒಂದು ಮಗುವಿಗೆ ಸಂಘದ ಒಬ್ಬಳು ಜೊತೆಯಾಗಲಿ. ಅವಳು ಓದಿದವಳೇ ಆಗಬೇಕಿಲ್ಲ. ಸೋಬಾನೆ ಬರುತ್ತದೆಯೇ, ರಂಗೋಲಿ ಬರುತ್ತದೆಯೇ, ಕೌದಿ ಹೊಲಿಯಲು ಬರುತ್ತದೆಯೇ, ಅಷ್ಟು ಸಾಕು. ವಾರಕ್ಕೊಂದು ದಿನ, ಅದೇ ದಿನ, ಅದೇ ಹೊತ್ತು. ತಪ್ಪಿಸಬೇಡಿ. ಹಿರಿಯರು ಮಾತಿಗೆ ತಪ್ಪುವುದನ್ನು ಈ ಮಕ್ಕಳು ಬೇಕಾದಷ್ಟು ನೋಡಿದ್ದಾರೆ. ಕಥೆಯನ್ನು ಕೆದಕಿ ಕೇಳಬೇಡಿ. ಮಹಿಳಾ ದಿನದ ವೇದಿಕೆಯಲ್ಲಿ ಆ ಮಗುವಿನ ಗೋಳನ್ನು ಆಡಿಸಿ ಚಪ್ಪಾಳೆ ಗಿಟ್ಟಿಸಬೇಡಿ. ‘ಎಲ್ಲ ಸರಿಹೋಗುತ್ತದೆ’ ಎಂದು ರಾಜಿ ಮಾಡಿಸಿ ಹೊಡೆತದ ಮನೆಗೆ ಹಿಂದಕ್ಕೆ ಕಳಿಸಬೇಡಿ.

ಆ ಹುಡುಗನ ಪ್ರಬಂಧದ ಕೆಳಗೆ ನಾನು ಬರೆಯಬೇಕಾಗಿದ್ದುದು ಒಂದೇ ಸಾಲು: ‘ನಾಳೆ ಬಂದು ನನ್ನನ್ನು ಕಾಣು’. ನಾನು ಬರೆಯಲಿಲ್ಲ. ನಿಮ್ಮ ಊರಿನ ಬಸ್ ನಿಲ್ದಾಣದಲ್ಲಿ, ಅಡಿಕೆ ಸುಲಿಯುವ ಚಪ್ಪರದಲ್ಲಿ, ದೇವಸ್ಥಾನದ ಕಟ್ಟೆಯಲ್ಲಿ ಒಂದು ಮಗು ಮಲಗಿದ್ದರೆ, ಆ ಮಾತನ್ನು ನೀವು ಹೇಳಿ.