ಕ್ರೌಡ್ ಅನ್ನೋದಕ್ಕೆ ಮಾಬ್ ಅಂದ್ರೆ ಏನಾಗುತ್ತೆ?

ಇವತ್ತಿನ ಎಪಿಸೋಡ್ ನಾನೇ ಮಾಡಿದ ಒಂದು ಎಡವಟ್ಟಿನಿಂದ ಶುರುವಾಗುತ್ತೆ.

ಬಿ.ಕಾಂ. ಮುಗಿಸಿ ನನ್ನ ಮೊದಲ ಕೆಲಸ. ಚಿನ್ನದ ಮೇಲೆ ಸಾಲ ಕೊಡೋ ಒಂದು ಫೈನಾನ್ಸ್ ಕಂಪನಿಯ ಬ್ರಾಂಚ್. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಅಡವಿಟ್ಟ ಒಡವೆ ಬಿಡಿಸಿಕೊಳ್ಳೋಕೆ ಬೆಳಗ್ಗೆಯೇ ಜನ ಬಂದಿದ್ರು. ಅಷ್ಟರಲ್ಲಿ ಸರ್ವರ್ ಡೌನ್. ಬಾಗಿಲ ಹೊರಗೆ ಐವತ್ತು ಅರವತ್ತು ಮಂದಿ ಆದ್ರು. ನಾನು ಹೆಡ್ ಆಫೀಸ್‌ಗೆ ಇಂಗ್ಲಿಷ್‌ನಲ್ಲಿ ಮೇಲ್ ಹಾಕಿದೆ: ಬ್ರಾಂಚ್ ಮುಂದೆ ದೊಡ್ಡ 'ಮಾಬ್' ಇದೆ, ಬೇಗ ಏನಾದ್ರೂ ಮಾಡಿ ಅಂತ.

ಐದೇ ನಿಮಿಷಕ್ಕೆ ಫೋನ್ ಬಂತು. "ಶಟರ್ ಎಳೀರಿ, ಪೊಲೀಸರಿಗೆ ಹೇಳಿದ್ದೀವಿ."

ಎಳೆದ್ವಿ. ಅಲ್ಲಿವರೆಗೂ ರಸೀದಿ ಹಿಡ್ಕೊಂಡು ಸುಮ್ಮನೆ ನಿಂತಿದ್ದ ಅಮ್ಮಂದಿರು, ಅಜ್ಜಿಯರು ಆಗ ಶಟರ್ ಬಡಿಯೋಕೆ ಶುರು ಮಾಡಿದ್ರು. ಅವರ ಒಡವೆ ಒಳಗಿದೆ, ಬಾಗಿಲು ಮುಚ್ಚಿದೆ. ಯಾರಿಗೆ ಗಾಬರಿ ಆಗಲ್ಲ ಹೇಳಿ?

ನನ್ನ ತಲೆಯಲ್ಲಿ ಇದ್ದದ್ದು 'ಗುಂಪು' ಅನ್ನೋ ಪದ ಅಷ್ಟೇ. ನಾವು 'ವಾಟ್ಸಾಪ್ ಗುಂಪು' ಅಂತೀವಿ, 'ಗುಂಪು ಹಲ್ಲೆ' ಅಂತಲೂ ಅಂತೀವಿ. ಇಂಗ್ಲಿಷ್‌ನಲ್ಲಿ ಮೊದಲನೆಯದು ಗ್ರೂಪ್, ಎರಡನೆಯದು ಮಾಬ್. ಗ್ರೂಪ್ ಅನ್ನೋದು ತಟಸ್ಥ ಪದ. ಆಡಿಯನ್ಸ್ ಅಂದ್ರೆ ಏನನ್ನೋ ನೋಡೋಕೆ, ಕೇಳೋಕೆ ಬಂದವರು. ಕ್ರೌಡ್ ಅಂದ್ರೆ ಒಂದು ಜಾಗದಲ್ಲಿ ತುಂಬಿರೋ ಜನ. ಹಳೇ ಇಂಗ್ಲಿಷ್‌ನಲ್ಲಿ 'ಒತ್ತು, ತಳ್ಳು' ಅನ್ನೋ ಅರ್ಥದ ಪದದಿಂದ ಅದು ಬಂದಿದೆ. ಮಾಬ್ ಹುಟ್ಟಿದ್ದು 17ನೇ ಶತಮಾನದಲ್ಲಿ, 'ಮೊಬಿಲೆ ವುಲ್ಗಸ್' ಅನ್ನೋ ಲ್ಯಾಟಿನ್ ಮಾತನ್ನ ಮೊಟಕು ಮಾಡಿ. ಅರ್ಥ, ಚಂಚಲ ಬುದ್ಧಿಯ ಸಾಮಾನ್ಯ ಜನ. ಅಂದ್ರೆ ಹುಟ್ಟಿನಲ್ಲೇ ಅದೊಂದು ಬೈಗುಳ.

ಕ್ರೌಡ್ ಅಂದಾಗ ಕೇಳುವವರಿಗೆ ಬರೋ ಪ್ರಶ್ನೆ: ಇವರಿಗೆ ಜಾಗ ಇದೆಯಾ? ಮಾಬ್ ಅಂದಾಗ ಬರೋದು: ಇವರನ್ನ ತಡೆಯೋದು ಹೇಗೆ?

ಈ ವ್ಯತ್ಯಾಸ ಒಂದು ಶಟರ್‌ಗೆ ಮುಗಿಯೋದಾದ್ರೆ ನಾನು ಎಪಿಸೋಡ್ ಮಾಡ್ತಿರಲಿಲ್ಲ. 1989ರ ಏಪ್ರಿಲ್ 15, ಇಂಗ್ಲೆಂಡಿನ ಶೆಫೀಲ್ಡ್, ಹಿಲ್ಸ್‌ಬರೋ ಸ್ಟೇಡಿಯಂ. ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್‌ಎ ಕಪ್ ಸೆಮಿಫೈನಲ್. ಹೊರಗೆ ನೂಕುನುಗ್ಗಲು ಹೆಚ್ಚಾದಾಗ ಒಂದು ದೊಡ್ಡ ಗೇಟ್ ತೆರೆಸಿದ್ದು ಪೊಲೀಸರೇ. ಆದ್ರೆ ಆಗಲೇ ತುಂಬಿದ್ದ ಮಧ್ಯದ ಕಟಕಟೆಗಳಿಗೆ ಹೋಗೋ ಸುರಂಗದ ದಾರಿಯನ್ನ ಮುಚ್ಚಲಿಲ್ಲ. ಮುಂದೆ ಕಬ್ಬಿಣದ ಬೇಲಿ, ಹಿಂದಿನಿಂದ ಜನ. ಉಸಿರು ಸಿಗದೆ ಬೇಲಿ ಹತ್ತಿದವರನ್ನ ನೋಡಿ ಪೊಲೀಸರು ಮೊದಲು ಅಂದುಕೊಂಡಿದ್ದು, ಇವರು ಮೈದಾನಕ್ಕೆ ನುಗ್ತಿದ್ದಾರೆ ಅಂತ. ಕಣ್ಣ ಮುಂದೆ ಇದ್ದದ್ದು ಕ್ರೌಡ್, ಅವರಿಗೆ ಕಂಡದ್ದು ಮಾಬ್.

ಸತ್ತವರು 97 ಮಂದಿ. ನಾಲ್ಕೇ ದಿನಕ್ಕೆ 'ದಿ ಸನ್' ಪತ್ರಿಕೆ ಕುಡುಕ ಅಭಿಮಾನಿಗಳದ್ದೇ ತಪ್ಪು ಅನ್ನೋ ಹಾಗೆ ಮುಖಪುಟದಲ್ಲಿ ಬರೆಯಿತು. ಅಭಿಮಾನಿಗಳದ್ದು ತಪ್ಪಿಲ್ಲ, ಇದು ಕಾನೂನುಬಾಹಿರ ಹತ್ಯೆ ಅಂತ ಜ್ಯೂರಿ ಹೇಳಿದ್ದು 2016ರಲ್ಲಿ. 27 ವರ್ಷ! ತಮ್ಮ ಮಕ್ಕಳು ಪುಂಡರಲ್ಲ ಅಂತ ಸಾಬೀತು ಮಾಡೋಕೆ ಅಪ್ಪ ಅಮ್ಮಂದಿರು ಅಷ್ಟು ಕಾಲ ಓಡಾಡಿದ್ರು. ಲಿವರ್‌ಪೂಲ್‌ನಲ್ಲಿ ಬಹಳ ಜನ ಇವತ್ತಿಗೂ ಆ ಪತ್ರಿಕೆ ಕೊಳ್ಳಲ್ಲ.

ಇದನ್ನ ಓದುವಾಗ ನನಗೆ ನೆನಪಾಗಿದ್ದು 2025ರ ಜೂನ್ 4, ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ. ಆರ್‌ಸಿಬಿ ಗೆದ್ದ ಮರುದಿನ 11 ಜನ ಸತ್ತರು. ಇಂಗ್ಲಿಷ್ ಹೆಡ್‌ಲೈನ್‌ಗಳಲ್ಲಿ 'ಸ್ಟ್ಯಾಂಪೀಡ್'. ಅದು ದನಗಾಹಿಗಳ ಪದ. ಬೆದರಿದ ದನಗಳು ದಿಕ್ಕೆಟ್ಟು ಓಡೋದಕ್ಕೆ ಹೇಳ್ತಿದ್ದದ್ದು. ಜನಸಂದಣಿಯ ಸುರಕ್ಷತೆ ಬಗ್ಗೆ ಕೆಲಸ ಮಾಡೋರು 'ಕ್ರಷ್' ಅನ್ನೋ ಪದವನ್ನೇ ಬಳಸಿ ಅಂತಾರೆ. ಯಾಕಂದ್ರೆ ಇಂಥ ಕಡೆ ಜನ ಹೆಚ್ಚಾಗಿ ಸಾಯೋದು ಓಡಿ ಅಲ್ಲ, ಅಲುಗಾಡೋಕೂ ಜಾಗ ಇಲ್ಲದೆ. ಸ್ಟ್ಯಾಂಪೀಡ್ ಅಂದ್ರೆ ಬಂದವರೇ ಹುಚ್ಚೆದ್ದರು ಅನ್ನೋ ಅರ್ಥ ಬರುತ್ತೆ. ಕ್ರಷ್ ಅಂದ್ರೆ, ಇಷ್ಟು ಜನಕ್ಕೆ ದಾರಿ ಮಾಡಬೇಕಿದ್ದವರು ಯಾರು ಅಂತ ಕೇಳಬೇಕಾಗುತ್ತೆ.

ಹಾಗಂತ ಮಾಬ್ ಅನ್ನೋದೇ ಇಲ್ಲ ಅಂತಲ್ಲ. ವದಂತಿ ನಂಬಿ ದಾರಿಹೋಕನನ್ನ ಹೊಡೆದು ಕೊಂದರೆ ಅದು ಮಾಬೇ. ಅಲ್ಲಿ ಕ್ರೌಡ್ ಅಂತ ಬರೆದು ತೇಲಿಸಬಾರದು.

ಮುಂದಿನ ಸಲ ವಿಡಿಯೋಗೆ ಕ್ಯಾಪ್ಷನ್ ಹಾಕುವಾಗ ಎರಡು ಸೆಕೆಂಡ್ ನಿಲ್ಲಿ. ಇವರು ಯಾರು? ಯಾಕೆ ಬಂದಿದ್ದಾರೆ? ಆಮೇಲೆ ಪದ ಟೈಪ್ ಮಾಡಿ.

ಅಂದಹಾಗೆ, ಆ ದಿನ ಅರ್ಧ ಗಂಟೆಯಲ್ಲಿ ಸರ್ವರ್ ಸರಿಹೋಯ್ತು. ಮೊದಲು ಒಳಗೆ ಬಂದ ಅಜ್ಜಿ ಕೌಂಟರ್‌ನಲ್ಲಿ ನನ್ನನ್ನ ಕೇಳಿದ್ದು ಇಷ್ಟೇ: "ನಾವೇನು ಕಳ್ಳರೇನಪ್ಪಾ?" ಉತ್ತರ ಹೊಳೀಲಿಲ್ಲ. ಸರ ಎಣಿಸಿ ಕೊಟ್ಟೆ.

ನಿಮಗೂ ಇಂಥ ಅನುಭವ ಆಗಿದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.