ಸವಾರಿ ಬಂಡಿಯ ಅಂಚು

ಬಂಡಿಯ ಅಚ್ಚು ಮುರಿದರೆ ಊರೆಲ್ಲ ಕೂಡುತ್ತದೆ. ನೂರು ಜನ ನೂರು ಉಪಾಯ ಹೇಳುತ್ತಾರೆ. ಅದೇ ಬಂಡಿಯ ಹೊರ ಅಂಚಿನಲ್ಲಿ ಒಂದು ದಬ್ಬೆ ಸೀಳಿದರೆ, ಒಂದು ಮೊಳೆ ಸಡಿಲವಾದರೆ, ಕಂಡೂ ಕಾಣದವರಂತೆ ಮುಂದೆ ಸಾಗುತ್ತೇವೆ. ಕಾರಣ ಸರಳವಾದದ್ದು. ಅಚ್ಚು ಮುರಿದರೆ ಪ್ರಯಾಣ ನಿಲ್ಲುತ್ತದೆ. ಅಂಚು ಹರಿದರೆ ನಿಲ್ಲುವುದಿಲ್ಲ. ದಾರಿಯನ್ನು ತಡೆಯದ ಕೇಡನ್ನು ಕೇಡೆಂದು ಎಣಿಸುವ ಅಭ್ಯಾಸ ಮನುಷ್ಯನಿಗೆ ಕಡಿಮೆ. ಈ ಹೊತ್ತು ನಾನು ಆಡಬೇಕೆಂದಿರುವುದು ಇಂಥ ಸಣ್ಣ ಕೇಡಿನ ಮಾತು. ಮನೆಮಂದಿಯೆಲ್ಲ ಕುಳಿತು, ಮಲಗಿ, ದೂರ ಪ್ರಯಾಣ ಮಾಡುವ ವಾಹನದ ಹೊರ ಅಂಚಿಗೆ ಆಗುವ ಚಿಕ್ಕ ಗಾಯ, ಅದರ ಆರೈಕೆ, ಇವೆರಡೇ ವಿಷಯ.

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ದುಂಡಸಿ ಮಲೆನಾಡಿನ ಸೆರಗಿನಲ್ಲಿರುವ ಊರು. ಪೂರ್ವಕ್ಕೆ ನಡೆದರೆ ಸವಣೂರಿನ ಬಯಲು, ದಕ್ಷಿಣಕ್ಕೆ ಹಾನಗಲ್ಲಿನ ಭತ್ತದ ಗದ್ದೆಗಳು. ಕಾಡು ಹತ್ತಿರವಿದ್ದ ಸೀಮೆಯಾದ್ದರಿಂದ ಬಿದಿರಿಗೂ ಮರಕ್ಕೂ ಬರವಿರಲಿಲ್ಲ, ಮಳೆಗೂ ಇರಲಿಲ್ಲ. ಬಸ್ಸುಗಳು ಹಳ್ಳಿಹಳ್ಳಿಗೆ ಬರುವ ಮೊದಲು ಇಲ್ಲಿಯ ಕುಟುಂಬಗಳು ಭಾರತ ಹುಣ್ಣಿಮೆಗೆ ಮೈಲಾರಕ್ಕೋ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೋ ಹೊರಟರೆ ಸವಾರಿ ಬಂಡಿಯೇ ಅವರ ಮನೆ. ಉತ್ತರ ಕರ್ನಾಟಕದ ಕೆಲವು ಕಡೆ ಇದನ್ನು ಕೊಲ್ಲಾರಿ ಬಂಡಿ ಎನ್ನುತ್ತಾರೆ. ಹೊಲದ ಚಕ್ಕಡಿಗೂ ಇದಕ್ಕೂ ಇರುವ ಮುಖ್ಯ ಭೇದವೆಂದರೆ ಮೇಲಿನ ಕಮಾನು. ಬಾಗಿಸಿದ ಬಿದಿರ ಗಳುಗಳು, ಅವುಗಳ ಮೇಲೆ ಹೆಣೆದ ತಟ್ಟಿ, ಅದರ ಮೇಲೊಂದು ಜಮಖಾನೆ ಅಥವಾ ತಾಡಪತ್ರಿ. ಒಳಗೆ ಹುಲ್ಲು ಹಾಸಿ ಮೇಲೆ ಕೌದಿ. ಮುದುಕರು, ಬಾಣಂತಿಯರು, ಮಕ್ಕಳು, ರೊಟ್ಟಿಯ ಬುತ್ತಿ, ಎಲ್ಲವೂ ಆ ಕಮಾನಿನ ಕೆಳಗೆ.

ಈ ಕಮಾನಿನ ಮುಂಭಾಗದ ಅಂಚೇ ಮೊದಲು ಪೆಟ್ಟು ತಿನ್ನುವ ಜಾಗ. ಇಕ್ಕಟ್ಟಾದ ಬಂಡಿ ಜಾಡಿನಲ್ಲಿ ಜಾಲಿಯ ಕೊಂಬೆ ತಗಲುತ್ತದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಪಕ್ಕದ ಬಂಡಿ ಉಜ್ಜುತ್ತದೆ. ಅಂಚನ್ನು ಹಿಡಿದಿದ್ದ ದಬ್ಬೆ ಸೀಳುತ್ತದೆ, ತಟ್ಟಿಯ ಎಳೆಗಳು ಬಿಚ್ಚಿಕೊಳ್ಳುತ್ತವೆ. ನೋಡುವವರಿಗೆ ಇದು ಅಂದಗೇಡು ಅಷ್ಟೆ. ಬಡಿಗೇರನ ಕಣ್ಣು ಮಾತ್ರ ಅಲ್ಲಿ ನಿಲ್ಲುವುದಿಲ್ಲ; ಅದು ಕೆಳಗಿಳಿದು ಕಮಾನಿನ ಕಾಲು ಪಕ್ಕದ ಮರದೊಳಗೆ ಇಳಿಯುವ ಕುಳಿಯನ್ನು ನೋಡುತ್ತದೆ. ಮೇಲೆ ಹರಿದ ಅಂಚಿನಿಂದ ಇಳಿದ ನೀರು ಗಳುವಿನ ಗುಂಟ ಜಾರಿ ಆ ಕುಳಿಯಲ್ಲಿ ನಿಲ್ಲುತ್ತದೆ. ನೀರು ನಿಂತಲ್ಲಿ ಮರ ಕಪ್ಪಾಗುತ್ತದೆ, ಮೆತ್ತಗಾಗುತ್ತದೆ. ಗಾಯ ಒಂದು ಕಡೆ, ಸಾವು ಇನ್ನೊಂದು ಕಡೆ!

ಆದ್ದರಿಂದ ಅಂಚೆಂಬುದನ್ನು ಅಲಂಕಾರವೆಂದು ತಿಳಿಯಬಾರದು. ಎರಡು ವಸ್ತುಗಳು ಕೂಡುವಲ್ಲಿ ಒಂದು ಸಂದಿ ಇದ್ದೇ ಇರುತ್ತದೆ. ಆ ಸಂದಿಯನ್ನು ಕಾಯುವ ಕಾವಲುಗಾರನೇ ಅಂಚು. ನಮ್ಮ ನೇಕಾರರು ಇದನ್ನು ಚೆನ್ನಾಗಿ ಬಲ್ಲರು. ಇಳಕಲ್ಲ ಸೀರೆಯ ಒಡಲನ್ನೂ ಸೆರಗನ್ನೂ ಕುಣಿಕೆಗೆ ಕುಣಿಕೆ ಸೇರಿಸಿ ಕೂಡಿಸುತ್ತಾರೆ. ಕೂಡಿದ ಜಾಗ ಗಟ್ಟಿಯಾಗಿದ್ದರೆ ಸೀರೆ ಗಟ್ಟಿ. ಕಣ್ಣಿಗೆ ಕಾಣುವ ಚೆಲುವು ಆಮೇಲಿನ ಮಾತು.

ಹಳೆಯವರ ದುರಸ್ತಿಯ ಕ್ರಮವನ್ನು ಗಮನಿಸಿದರೆ ಅದರಲ್ಲೊಂದು ತರ್ಕ ಕಾಣುತ್ತದೆ. ಮೊದಲ ಕೆಲಸ ಬಿಚ್ಚುವುದು. ಸೀಳಿದ ದಬ್ಬೆಯ ಮೇಲೆ ಇನ್ನೊಂದು ದಬ್ಬೆ ಕಟ್ಟಿ ಮುಚ್ಚಿಬಿಟ್ಟರೆ ಕೇಡು ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಎರಡನೆಯದು ಒಣಗಿಸುವುದು, ಬಿಸಿಲಿಗೆ ಒಂದೆರಡು ದಿನ ಬಿಟ್ಟು ಕುಳಿಯನ್ನು ಕೆರೆದು ನೋಡುವುದು. ಮೂರನೆಯದು ಹೊಸ ದಬ್ಬೆ. ಅದನ್ನು ನೀರಿನಲ್ಲಿ ನೆನೆಹಾಕಿ ಮೆದುವಾದ ಮೇಲೆ ಬಾಗಿಸುತ್ತಾರೆ. ಬಿದಿರನ್ನು ನೆನೆಹಾಕುವುದರಲ್ಲಿ ಇನ್ನೊಂದು ಲಾಭವೂ ಇದೆ. ಬಹಳ ದಿನ ನೆಂದ ಬಿದಿರಿನೊಳಗಿನ ಪಿಷ್ಟ ಕರಗಿ ಹೋಗುವುದರಿಂದ ಕೊರೆಯುವ ಹುಳುವಿಗೆ ಆಹಾರ ಸಿಗದು. ದಬ್ಬೆಯ ನುಣುಪಾದ ಸಿಪ್ಪೆಯ ಮಗ್ಗುಲು ಯಾವಾಗಲೂ ಹೊರಗಿರಬೇಕು. ನೀರು ಅದರ ಮೇಲೆ ನಿಲ್ಲದು. ಕಟ್ಟಿನ ಗಂಟು ಒಳಮಗ್ಗುಲಿಗೆ ಬರಬೇಕು. ಮೇಲಿದ್ದರೆ ಗಂಟೇ ನೀರು ಹಿಡಿಯುತ್ತದೆ. ನೆನೆದ ಹಸಿ ತೊಗಲಿನ ಪಟ್ಟಿಯಿಂದ ಕಟ್ಟಿದರೆ ಅದು ಒಣಗಿದಂತೆಲ್ಲ ತಾನೇ ಬಿಗಿಯುತ್ತದೆ. ಇಷ್ಟು ಸಣ್ಣ ಕೆಲಸದಲ್ಲಿ ಎಷ್ಟು ವಿವೇಕ ಅಡಗಿದೆ!

ಮಲಗುವ ಮನೆಯನ್ನು ಗಾಲಿಯ ಮೇಲೆ ಏರಿಸುವ ಆಸೆ ನಮ್ಮದೊಂದೇ ನಾಡಿನದಲ್ಲ. ಇಂಗ್ಲೆಂಡಿನಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ಲೇಖಕನಿದ್ದ. ನೌಕಾಪಡೆಯಲ್ಲಿ ವೈದ್ಯನಾಗಿದ್ದು ನಿವೃತ್ತನಾಗಿ ಹುಡುಗರಿಗೆ ಸಾಹಸ ಕಥೆಗಳನ್ನು ಬರೆದವನು. 1885ರಲ್ಲಿ ಆತ ಬ್ರಿಸ್ಟಲಿನ ಬಂಡಿ ಕಾರ್ಖಾನೆಯಲ್ಲಿ ಎರಡು ಕುದುರೆ ಎಳೆಯುವ ಮನೆಯೊಂದನ್ನು ಕಟ್ಟಿಸಿ ಅದಕ್ಕೆ ‘ವಾಂಡರರ್’, ಅಂದರೆ ಅಲೆಮಾರಿ, ಎಂದು ಹೆಸರಿಟ್ಟ. ಹೊಟ್ಟೆಪಾಡಿಗಲ್ಲದೆ ಬರಿಯ ಸಂತೋಷಕ್ಕಾಗಿ ಕಟ್ಟಿಸಿದ ಇಂಥ ವಾಹನಗಳಲ್ಲಿ ಅದನ್ನು ಮೊದಲನೆಯದೆಂದು ಹೇಳುವುದುಂಟು. ಅದು ಇಂದಿಗೂ ಉಳಿದಿದೆ. ಕಾರಿನ ಬೆನ್ನಿಗೆ ಸಿಕ್ಕಿಸಿ ಎಳೆಯುವ ಇಂದಿನ ಟ್ರೇಲರ್ ಮನೆಗಳು ಅದರ ವಂಶದವು. 2021ರಲ್ಲಿ ನೆರೆಯ ಕೇರಳ ಸರ್ಕಾರವು ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಆದ್ದರಿಂದ ಇದು ನಮಗೂ ತೀರ ದೂರದ ಸಂಗತಿಯಾಗಿ ಉಳಿದಿಲ್ಲ.

ನಮ್ಮ ಸೀಮೆಯವರೇ ಆದ, ಈಗ ಅಮೆರಿಕೆಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇಂಥ ಹಳೆಯ ಟ್ರೇಲರೊಂದನ್ನು ಕೊಂಡರು. ಗೇಟಿನ ಕಂಬಕ್ಕೆ ಉಜ್ಜಿ ಅದರ ಮೂಲೆಯ ಅಲ್ಯುಮಿನಿಯಂ ಪಟ್ಟಿ ಗೇಣುದ್ದ ಬಾಗಿತು. ಪತ್ರದಲ್ಲಿ ಅವರು ಕೇಳಿದ್ದು ದುರಸ್ತಿಯನ್ನಲ್ಲ, ಪದವನ್ನು: “ಸರ್, ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು?” ಅಂಚುಪಟ್ಟಿ ಎನ್ನಿ ಎಂದು ಬರೆದೆ. ಕನ್ನಡದ ಅಧ್ಯಾಪಕನಾದ ನಾನು ಉಳಿ ಹಿಡಿದವನಲ್ಲ. ಆದರೆ ಹೆಸರು ಕೊಟ್ಟ ಮೇಲೆ ವಸ್ತುವನ್ನು ತಿಳಿಯದಿರುವುದು ಸರಿಯಲ್ಲವೆಂದು ಆ ಕೆಲಸದ ಕ್ರಮವನ್ನು ವಿಚಾರಿಸಿ ತಿಳಿದುಕೊಂಡೆ. ತಿಳಿದಂತೆಲ್ಲ ದುಂಡಸಿಯ ಬಂಡಿಯೇ ಕಣ್ಣ ಮುಂದೆ ಬಂದಿತು.

ಅಂಥ ಟ್ರೇಲರುಗಳಲ್ಲಿ ಅನೇಕವುಗಳ ಒಳಗೆ ಮರದ ಚೌಕಟ್ಟು, ಹೊರಗೆ ತಗಡಿನ ಅಥವಾ ಫೈಬರಿನ ಹೊದಿಕೆ. ಗೋಡೆಯೂ ಮಾಡೂ ಕೂಡುವ ಮೂಲೆಯ ಮೇಲೆ ಅಂಚುಪಟ್ಟಿ. ಅದರ ಅಡಿಯಲ್ಲಿ ಅಂಟುಮೇಣದಂಥ ಬ್ಯುಟೈಲ್ ಪಟ್ಟಿ. ಅದನ್ನು ಹಿಡಿದಿಡಲು ಸ್ಕ್ರೂಗಳ ಸಾಲು. ಸ್ಕ್ರೂಗಳ ತಲೆ ಕಾಣದಂತೆ ಮೇಲೊಂದು ತೆಳುವಾದ ಪ್ಲಾಸ್ಟಿಕ್ ಎಳೆ. ಬಿಸಿಲಿಗೆ ಆ ಎಳೆ ವರ್ಷಗಳುರುಳಿದಂತೆ ಕುಗ್ಗಿ ತುದಿಯಲ್ಲಿ ಸ್ಕ್ರೂಗಳು ಬಯಲಾಗುತ್ತವೆ. ಅವು ಕಬ್ಬಿಣದವಾದರೆ ತುಕ್ಕು ಹಿಡಿಯುತ್ತವೆ. ನೀರು ಸ್ಕ್ರೂವಿನ ಸುರುಳಿಯ ಗುಂಟ ನೇರವಾಗಿ ಮರದೊಳಗೆ ಇಳಿಯುತ್ತದೆ. ಕಂಬಕ್ಕೆ ತಗಲಿ ಪಟ್ಟಿ ಬಾಗಿದಾಗಲೂ ಆಗುವುದು ಇದೇ. ಅಡಿಯ ಮೇಣ ಬಿಟ್ಟುಕೊಂಡು ಕೂದಲೆಳೆಯಷ್ಟು ಸಂದಿಯಾಗುತ್ತದೆ. ಮಳೆಗೆ ಅಷ್ಟು ಸಾಕು.

ದುರಸ್ತಿಯೂ ಹಳೆಯ ಕ್ರಮದ್ದೇ. ಪ್ಲಾಸ್ಟಿಕ್ ಎಳೆಯನ್ನು ಎಳೆದು ತೆಗೆದು, ಬಾಗಿದ ಭಾಗದ ಎರಡೂ ಕಡೆ ಸ್ವಲ್ಪ ಹೆಚ್ಚಾಗಿಯೇ ಸ್ಕ್ರೂ ಬಿಚ್ಚಿ ಪಟ್ಟಿಯನ್ನು ಎತ್ತಬೇಕು. ಒಳಗಿನ ಮರವನ್ನು ದಬ್ಬಣದಿಂದ ಚುಚ್ಚಿ ನೋಡಬೇಕು. ಗಟ್ಟಿಯಾಗಿ ತಡೆದರೆ ಮರ ಬದುಕಿದೆ, ಬೆಣ್ಣೆಯಂತೆ ಇಳಿದರೆ ಕೆಲಸ ಅಂಚಿನದಾಗಿ ಉಳಿದಿಲ್ಲ, ಚೌಕಟ್ಟಿನದಾಗಿದೆ. ಮರ ಚೆನ್ನಾಗಿದ್ದರೆ ಪೂರ್ತಿ ಒಣಗಲು ಬಿಡಬೇಕು. ಬಾಗಿದ ಪಟ್ಟಿಯನ್ನು ಮರದ ತುಂಡಿನ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ಬಡಿದು ನೇರ ಮಾಡಬಹುದು. ಚೂಪಾಗಿ ಮಡಿಕೆ ಬಿದ್ದಿದ್ದರೆ ಹಟ ಮಾಡಬಾರದು. ಅಲ್ಯುಮಿನಿಯಂ ಮಡಿಕೆಯಲ್ಲಿ ಬಿರಿಯುತ್ತದೆ, ಅಷ್ಟು ಭಾಗವನ್ನು ಕತ್ತರಿಸಿ ಹೊಸದನ್ನು ಕೂಡಿಸುವುದೇ ಲೇಸು. ಹಳೆಯ ಮೇಣವನ್ನು ಪೂರ್ತಿಯಾಗಿ ಕೆರೆದು ತೆಗೆಯದೆ ಹೊಸದನ್ನು ಹಚ್ಚಬಾರದು. ಸಡಿಲವಾದ ತೂತಿಗೆ ಅಂಟು ಹಚ್ಚಿದ ಮರದ ಬೆಣೆ ಹೊಡೆದು, ತುಕ್ಕು ಹಿಡಿಯದ ಉಕ್ಕಿನ ಸ್ಕ್ರೂ ಹಾಕಬೇಕು. ಅತಿಯಾಗಿ ಬಿಗಿದರೆ ಮೇಣವೆಲ್ಲ ಹೊರಬಂದು ಪಟ್ಟಿ ಅಲೆಅಲೆಯಾಗುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಿಲಿಕೋನನ್ನು ಮೇಲಿಂದ ಬಳಿದುಬಿಡುವ ಆಸೆಯನ್ನು ತಡೆಯಬೇಕು. ಅದರ ಅಂಶ ಉಳಿದ ಕಡೆ ಆಮೇಲೆ ಬೇರಾವ ಅಂಟೂ ಬಣ್ಣವೂ ಚೆನ್ನಾಗಿ ಹಿಡಿಯುವುದಿಲ್ಲ. ಕೊನೆಗೆ ಹೊಸ ಪ್ಲಾಸ್ಟಿಕ್ ಎಳೆಯನ್ನು ಜಗ್ಗದೆ, ತುಸು ಉದ್ದವಾಗಿಯೇ ಕತ್ತರಿಸಿ ಸೇರಿಸಬೇಕು. ನಾಳೆ ಕುಗ್ಗುವುದಕ್ಕೆ ಇಂದೇ ಆಸ್ಪದವಿರಲಿ. ಕೆಳ ಅಂಚಿನಲ್ಲಿ ನೀರು ಹೊರಹೋಗಲೆಂದು ಬಿಟ್ಟ ತೂತುಗಳಿದ್ದರೆ ಅವುಗಳನ್ನು ಮುಚ್ಚಲೇಬಾರದು.

ಎರಡೂ ವಾಹನಗಳಿಗೆ ಒಂದು ದೊಡ್ಡ ವ್ಯತ್ಯಾಸವಿದೆ. ನನ್ನ ಮಾತಿನ ತಿರುಳೂ ಅದೇ. ಬಂಡಿಯ ಕಮಾನು ಗಾಳಿಯಾಡುವ ವಸ್ತು. ಒಂದು ಸಂದಿಯಿಂದ ಬಂದ ನೀರು ಹತ್ತು ಸಂದಿಗಳಿಂದ ಹೋಗುತ್ತದೆ. ಮೂರು ದಿನದ ಬಿಸಿಲು ಅದರ ತಪ್ಪನ್ನು ಕ್ಷಮಿಸುತ್ತದೆ. ನೀರು ನಿಲ್ಲುವ ಆ ಕುಳಿಯೊಂದೇ ಅದರ ದೌರ್ಬಲ್ಯ. ಟ್ರೇಲರಾದರೋ ಎಲ್ಲ ಕಡೆಯಿಂದಲೂ ಮುಚ್ಚಿದ ಪೆಟ್ಟಿಗೆ. ಒಳಗೆ ಹೋದ ನೀರಿಗೆ ಹೊರದಾರಿಯಿಲ್ಲ. ಗೋಡೆಯ ನುಣುಪು ಹಾಗೆಯೇ ಇರುತ್ತದೆ, ಒಳಗಿನ ಮರ ಕೊಳೆಯುತ್ತಿರುತ್ತದೆ. ಒಂದು ದಿನ ಕೈಯಿಟ್ಟರೆ ಗೋಡೆ ಒಳಕ್ಕೆ ಹೋಗುತ್ತದೆ. ಎಷ್ಟು ಚೆನ್ನಾಗಿ ಮುಚ್ಚಿದ್ದೇವೋ ಅಷ್ಟು ಎಚ್ಚರದಿಂದ ಅಂಚನ್ನು ಕಾಯಬೇಕು. ವಾಹನಕ್ಕೆ ಸಲ್ಲುವ ಈ ಮಾತು ಮನೆಗೂ ಮನಸ್ಸಿಗೂ ಸಲ್ಲುವುದೆಂದು ತಮಗೆ ತೋರಿದರೆ ನನ್ನ ಆಕ್ಷೇಪವಿಲ್ಲ.

ಹಾಗಾದರೆ ಹಿಂದಿನವರು ಸಣ್ಣ ದುರಸ್ತಿಯನ್ನು ಹೊತ್ತಿಗೆ ಸರಿಯಾಗಿ ಮಾಡಿಸುತ್ತಿದ್ದುದು ಅವರ ಗುಣವಿಶೇಷದಿಂದಲೇ? ನನಗೆ ಹಾಗೆ ಕಾಣುವುದಿಲ್ಲ. ಅದಕ್ಕೊಂದು ವ್ಯವಸ್ಥೆಯ ಆಧಾರವಿತ್ತು. ಹಳ್ಳಿಯ ಬಡಿಗೇರನೂ ಕಮ್ಮಾರನೂ ಆಯಗಾರರು. ಸುಗ್ಗಿಯಲ್ಲಿ ರೈತನ ಕಣಕ್ಕೆ ಹೋಗಿ ವರ್ಷದ ಪಾಲಿನ ಕಾಳನ್ನು ಅಳೆಯಿಸಿಕೊಳ್ಳುತ್ತಿದ್ದರು. ವರ್ಷವಿಡೀ ಆ ರೈತನ ಮರಗೆಲಸ, ಕಬ್ಬಿಣಗೆಲಸ ಅವರದು. ಒಂದೊಂದು ಮೊಳೆಗೂ ಬೇರೆ ಬೆಲೆಯಿರಲಿಲ್ಲವಾದ್ದರಿಂದ ರೈತ ಸಣ್ಣದನ್ನು ಸಣ್ಣದಿರುವಾಗಲೇ ತರುತ್ತಿದ್ದ. ದೊಡ್ಡದಾದರೆ ಬೆವರು ತನ್ನದೇ ಆದ್ದರಿಂದ ಬಡಿಗೇರನೂ ಸಣ್ಣದರಲ್ಲಿಯೇ ಮುಗಿಸಲು ನೋಡುತ್ತಿದ್ದ. ಈ ಪದ್ಧತಿಯಲ್ಲಿ ಮೇಲುಕೀಳು ಇತ್ತು, ಬರ ಬಂದ ವರ್ಷ ಕುಶಲಕರ್ಮಿಯ ಪಾಲೂ ಬತ್ತುತ್ತಿತ್ತು. ಅದನ್ನು ಮರಳಿ ತರಬೇಕೆಂದು ಯಾರೂ ಬಯಸಲಾರರು. ಆದರೆ ಅದು ಹೋದಾಗ ಒಂದು ಒಳ್ಳೆಯ ಅಭ್ಯಾಸವೂ ಜೊತೆಗೆ ಹೋಯಿತು. ಈಗ ಪ್ರತಿಯೊಂದು ದುರಸ್ತಿಗೂ ಪ್ರತ್ಯೇಕ ಕೂಲಿ. ಗೇಣುದ್ದದ ಪಟ್ಟಿಗಾಗಿ ಕೆಲಸಗಾರನನ್ನು ಕರೆಸುವುದು ದುಬಾರಿಯೆನಿಸಿ, ಇನ್ನಷ್ಟು ಕೆಡಲಿ, ಒಟ್ಟಿಗೆ ಮಾಡಿಸೋಣ ಎನ್ನುತ್ತೇವೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ನಮ್ಮಲ್ಲಿದ್ದರೂ, ಕೊಡಲಿಯ ಸರದಿ ಬರುವವರೆಗೆ ಕಾಯುವ ಲೆಕ್ಕಾಚಾರವನ್ನು ಕಾಲ ನಮಗೆ ಕಲಿಸಿದೆ.

ದುಂಡಸಿಯಂಥ ಊರುಗಳಲ್ಲಿ ಸವಾರಿ ಬಂಡಿಗಳು ಈಗ ಅಪರೂಪ. ಇರುವ ಬಂಡಿಯನ್ನು ಅಂಗಳದಲ್ಲಿಟ್ಟುಕೊಂಡವರು ಮುಂಗಾರಿಗೆ ಮೊದಲೊಮ್ಮೆ, ಹಿಂಗಾರು ಮುಗಿದ ಮೇಲೊಮ್ಮೆ ಅದರ ಅಂಚಿನ ಮೇಲೆ ಕೈಯಾಡಿಸಿದರೆ ಸಾಕು. ದೂರದೇಶದಲ್ಲಿ ಟ್ರೇಲರ್ ಇಟ್ಟುಕೊಂಡ ಕನ್ನಡಿಗರಿಗೂ ವರ್ಷಕ್ಕೆರಡು ಬಾರಿಯ ಈ ಪ್ರದಕ್ಷಿಣೆ ಸಾಕು. ಕಣ್ಣು ಬಿಟ್ಟದ್ದನ್ನು ಬೆರಳು ಹಿಡಿಯುತ್ತದೆ. ಹತ್ತಿರದಲ್ಲಿ ಬಿದಿರಿನ ಕೆಲಸ ಬಲ್ಲ ಮೇದಾರರೋ ಮರಗೆಲಸ ಬಲ್ಲ ಬಡಿಗೇರರೋ ಇದ್ದರೆ ಅವರನ್ನು ಕರೆದು, ಕೆಲಸ ಎಷ್ಟೇ ಸಣ್ಣದಾದರೂ ಪೂರ್ಣ ಕೂಲಿ ಕೊಟ್ಟು ಮಾಡಿಸಬೇಕು. ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿ ತೋರಿಸಬೇಕು. ದಬ್ಬೆ, ಕಮಾನು, ಕೊಲ್ಲಾರಿ ಎಂಬ ಮಾತುಗಳು ನಿಘಂಟಿನಲ್ಲಿ ಉಳಿಯುವುದಕ್ಕಿಂತ, ಒಂದು ಮಧ್ಯಾಹ್ನದ ದುರಸ್ತಿಯಲ್ಲಿ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ದಾಟಿ ಉಳಿಯುವುದು ಮೇಲು.