ನೆಲ ನನ್ನದು, ಬಳಕೆ ಅವರದು

ಒಡೆತನ ಬೇರೆ, ಬಳಕೆ ಬೇರೆ ಎಂಬ ತತ್ತ್ವವನ್ನು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಕೆ ಬೆಳೆಗಾರರಿಗೆ ಯಾವ ವಕೀಲರೂ ಕಲಿಸಬೇಕಾಗಿಲ್ಲ. ತೋಟದ ನೆತ್ತಿಯ ಮೇಲಿರುವ ಸೊಪ್ಪಿನಬೆಟ್ಟವೇ ಅವರ ಪಾಠಶಾಲೆ. ಬೆಟ್ಟದ ನೆಲ ಸರ್ಕಾರದ್ದು. ಅಲ್ಲಿಯ ಸೊಪ್ಪು, ದರಗು ತೋಟದವನದು. ನೆಲ ತನ್ನದಲ್ಲದಿದ್ದರೂ ಅದರ ಫಲವನ್ನು ತಲೆಮಾರುಗಳಿಂದ ಉಂಡು ಬಂದವನು ಅವನು.

ಈಗ ಅದೇ ತತ್ತ್ವ ತಿರುವುಮುರುವಾಗಿ ಅವನ ಎದುರಿಗೆ ನಿಂತಿದೆ. ನೆಲ ಅವನದು, ಬಳಕೆ ಪರರದು. ಜೋಗದ ಮೊದಲ ವಿದ್ಯುದಾಗಾರ 1948ರಲ್ಲಿ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಮುಂದೆ ವಾರಾಹಿಗೆ ಮಾಣಿ ಜಲಾಶಯ ಬಂದಿತು. ನೀರಿನಲ್ಲಿ ಮುಳುಗಿದ ನೆಲದ ಕಥೆಯನ್ನು ನಾವೆಲ್ಲ ಬಲ್ಲೆವು. ಮುಳುಗದೆ ಉಳಿದು, ತಂತಿಯ ಕೆಳಗೆ ಬಿದ್ದ ನೆಲದ ಕಥೆ ಅಷ್ಟಾಗಿ ಕಿವಿಗೆ ಬಿದ್ದಿಲ್ಲ.

ಈ ವಿಭಜನೆಯನ್ನು ಅತ್ಯಂತ ಸ್ಪಷ್ಟವಾಗಿ ಹೇಳಿರುವುದು ಪೆಟ್ರೋಲಿಯಂ ಕೊಳವೆಮಾರ್ಗಗಳಿಗಾಗಿ 1962ರಲ್ಲಿ ಬಂದ ಕೇಂದ್ರ ಶಾಸನ. ಕೊಚ್ಚಿಯಿಂದ ಕಾಸರಗೋಡಿನ ಮೂಲಕ ಮಂಗಳೂರಿಗೆ ಬಂದು, 2021ರ ಜನವರಿಯಲ್ಲಿ ಉದ್ಘಾಟನೆಗೊಂಡ ಸುಮಾರು 450 ಕಿಲೋಮೀಟರುಗಳ ಅನಿಲ ಕೊಳವೆ ಇಂಥ ಮಾರ್ಗಗಳಲ್ಲೊಂದು. ಈ ಶಾಸನದಂತೆ ಭೂಮಿಯನ್ನು ಕೊಳ್ಳುವುದಿಲ್ಲ. ಬಳಕೆಯ ಹಕ್ಕನ್ನು ಮಾತ್ರ ಪಡೆಯುತ್ತಾರೆ. ಪಹಣಿಯಲ್ಲಿ ರೈತನ ಹೆಸರು ಉಳಿಯುತ್ತದೆ. ಆದರೆ ಆ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಹಾನಿಯ ಪರಿಹಾರವಲ್ಲದೆ, ಹಕ್ಕಿಗೆಂದು ದೊರೆಯುವುದು ಮಾರುಕಟ್ಟೆ ಬೆಲೆಯ ಶೇಕಡ 10. ಭತ್ತದ ಗದ್ದೆಗೆ ಇದು ಒಂದೆರಡು ಬೆಳೆಯ ತೊಂದರೆ. ಅಡಕೆ ತೋಟಕ್ಕೋ? ಮರ ನೆಡಬಾರದೆಂದ ಮೇಲೆ ಅಲ್ಲಿ ತೋಟವೆಲ್ಲಿಯದು!

ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ತೋಟದ ಮೇಲೆ ವಿದ್ಯುತ್ ಮಾರ್ಗ ಹಾದುಹೋಗುವುದೆಂದಾಯಿತು. “ಹೆಸರು ನನ್ನದೇ ಇರುತ್ತದಲ್ಲ, ಸಾರ್” ಎಂದು ಸಮಾಧಾನಪಟ್ಟುಕೊಂಡು ಅವರು ಕಾಗದಕ್ಕೆ ಸಹಿ ಹಾಕಿದರು. ಕಡಿದ ಮರಗಳಿಗೆ ಲೆಕ್ಕವಿತ್ತು, ಹಣವೂ ಬಂದಿತು. ಮರುವರ್ಷ ಪಡುವಣ ಬಿಸಿಲಿಗೆ ತೆರೆದುಕೊಂಡ ಪಕ್ಕದ ಸಾಲಿನ ಮರಗಳ ಕಾಂಡ ಸುಟ್ಟು ಸೀಳತೊಡಗಿತು. ಆ ಮರಗಳಿಗೆ ಯಾವ ಕಾಗದದಲ್ಲಿಯೂ ಲೆಕ್ಕವಿರಲಿಲ್ಲ.

ಅಮೆರಿಕದಲ್ಲಿ ಮೇಲ್ನೆಲ ಒಬ್ಬನದು, ಕೆಳಗಿನ ಎಣ್ಣೆಯ ಹಕ್ಕು ಇನ್ನೊಬ್ಬನದಾಗಿರುವುದುಂಟು. ಅಲ್ಲಿಯ ರೈತರು ದಾರಿ ಎಲ್ಲಿ, ಬೇಲಿ ಎಲ್ಲಿ, ಕೆಲಸ ಮುಗಿದ ಮೇಲೆ ಮಣ್ಣನ್ನು ಮೊದಲಿನಂತೆ ಮಾಡುವವರು ಯಾರು ಎಂಬುದನ್ನೆಲ್ಲ ಕಂಪನಿಯೊಡನೆ ಚರ್ಚಿಸಿ ಬರೆಸಿಕೊಳ್ಳುತ್ತಾರೆ. ನಮ್ಮಲ್ಲಿ ಬೇಡವೆನ್ನುವ ಸ್ವಾತಂತ್ರ್ಯ ಕಡಿಮೆ. ಕೇಳುವ ಅವಕಾಶವಂತೂ ಇದೆ. ಕೊಳವೆಮಾರ್ಗದ ಪ್ರಕಟಣೆಗೆ ಆಕ್ಷೇಪ ಸಲ್ಲಿಸಲು 21 ದಿನಗಳಿವೆ. ಪರಿಹಾರ ಸಾಲದೆಂದರೆ ಜಿಲ್ಲಾ ನ್ಯಾಯಾಧೀಶರಲ್ಲಿಗೆ ಹೋಗಬಹುದು. ವಿದ್ಯುತ್ ಗೋಪುರದ ಅಡಿಯ ಜಾಗಕ್ಕೆ ಭೂಮಿಯ ಬೆಲೆಯ ಶೇಕಡ 85 ಎಂದಿದ್ದ ಕೇಂದ್ರದ 2015ರ ಮಾರ್ಗಸೂಚಿ 2024ರಲ್ಲಿ ಶೇಕಡ 200ಕ್ಕೆ ಏರಿತು. ದರವೆಂಬುದು ಕಲ್ಲಿನಲ್ಲಿ ಕೊರೆದ ಶಾಸನವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಆದ್ದರಿಂದ ಸಹಿಗೆ ಮುನ್ನ ತೋಟವನ್ನೊಮ್ಮೆ ಸುತ್ತಿ ಬರಬೇಕು. ಬೀಳುವ ಮರಗಳನ್ನಷ್ಟೇ ಅಲ್ಲ, ಬಿಸಿಲಿಗೆ ಬೀಳುವ ಮರಗಳನ್ನೂ, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿಗಳನ್ನೂ, ಒಡೆಯಬಹುದಾದ ಬಸಿಗಾಲುವೆಯನ್ನೂ ಬರೆದಿಡಬೇಕು. ನೆರೆಹೊರೆಯವರೊಡನೆ ಕೂಡಿ ಕೇಳಬೇಕು. ಒಂಟಿ ದನಿಗಿಂತ ಕೇರಿಯ ದನಿಗೆ ತೂಕ ಹೆಚ್ಚು.

ಒಪ್ಪಂದವೆಂಬ ನಮ್ಮ ಮಾತಿನೊಳಗೆ ‘ಒಪ್ಪು’ ಇದೆ. ಒಪ್ಪು ಎಂದರೆ ಸಮ್ಮತಿ. ತಕ್ಕುದಾಗಿರುವುದು ಎಂದೂ ಅರ್ಥ. ಮೊದಲ ಅರ್ಥವನ್ನು ಕಂಪನಿ ತಾನಾಗಿಯೇ ಕೇಳಿ ಪಡೆಯುತ್ತದೆ. ಎರಡನೆಯದನ್ನು ನೆಲದವನೇ ಕೇಳಿ ಪಡೆಯಬೇಕು.